ಮೇಷ್ಟರ ಹನ್ನೆರಡನೆಯ ಪಾಠ

ಉಸಿರು ಕತ್ತರಿಸುವುದೂ ಒಂದು ಉದ್ಯೋಗ ಎಂದರೆ ಜನ ನಗುತ್ತಾರೆ. ನಗಲಿ ಬಿಡಿ. ಅಕ್ಕ ಹತ್ತೊಂಬತ್ತು ವರ್ಷದಿಂದ ಮನೆ ನಡೆಸಿದ್ದು ಅದರಿಂದಲೇ. ಮೈಕಿನ ಮುಂದೆ ಕೂತು ಮಾತಾಡುವವರು ಎಂಥ ಘಟಾನುಘಟಿಗಳೇ ಆಗಿರಲಿ, ಎರಡು ವಾಕ್ಯದ ನಡುವೆ ಸೊರ್ರೆಂದು ಗಾಳಿ ಎಳೆದುಕೊಳ್ಳಲೇಬೇಕು. ಎದುರಿಗೆ ಕೂತು ಕೇಳುವಾಗ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಆದರೆ ಮೈಕಿಗೆ ದಾಕ್ಷಿಣ್ಯ ಎಂಬುದಿಲ್ಲ ನೋಡಿ, ಅದರಲ್ಲಿ ಎತ್ತು ಬುಸುಗುಟ್ಟಿದ ಹಾಗೆ ಕೇಳುತ್ತದೆ. ಅಂಥ ಉಸಿರುಗಳನ್ನೆಲ್ಲ ಕಂಪ್ಯೂಟರಿನ ಪರದೆಯ ಮೇಲೆ ಹುಡುಕಿ, ಕಿತ್ತು, ಆ ಜಾಗಕ್ಕೆ ಖಾಲಿ ಕೋಣೆಯ ಮೌನದ ತೇಪೆ ಹಾಕುವುದು ಅಕ್ಕನ ಕೆಲಸ. ತೇಪೆ ಹಾಕಿದ್ದು ಯಾರಿಗೂ ಗೊತ್ತಾಗಬಾರದು. ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ‘ಕತ್ತರಿ’ ಎಂದೇ. ಅವಳಿಗೇನೂ ಬೇಸರವಿರಲಿಲ್ಲ, ಒಳಗೊಳಗೇ ಜಂಬವಿತ್ತು. "ನನ್ನ ಕೈ ದಾಟಿ ಒಂದೇ ಒಂದು ಉಸಿರು ಆಚೆ ಹೋಗಿದ್ರೆ ತೋರಿಸ್ರಪ್ಪ, ಇವತ್ತೇ ಕೆಲಸ ಬಿಡ್ತೀನಿ" ಎಂದು ಹೊಸದಾಗಿ ಸೇರಿದವರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು.

ಸ್ಟುಡಿಯೋ ಇದ್ದದ್ದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲ ತುಂಬ ರಬ್ಬರ್ ವಾಸನೆ. ಧ್ವನಿಮುದ್ರಣದ ಕೋಣೆ ಎಂದರೆ ಬಟ್ಟೆ ಬೀರುವಿಗಿಂತ ಒಂದಿಷ್ಟು ದೊಡ್ಡದು, ನಾಲ್ಕೂ ಗೋಡೆಗೆ ಬೂದು ಬಣ್ಣದ ಸ್ಪಂಜು, ದಪ್ಪ ಬಾಗಿಲು. ಸ್ಟುಡಿಯೋದ ಯಜಮಾನರು ಫೋನಿನಲ್ಲಿ ಮಾತಾಡಿದರೆ ಕೆಳಗಿನ ಟೈರ್ ಅಂಗಡಿಯವರು ತಮ್ಮನ್ನೇ ಬೈಯುತ್ತಿದ್ದಾರೆ ಎಂದುಕೊಂಡು ಮೇಲೆ ಓಡಿಬರುತ್ತಿದ್ದರು. ಅಷ್ಟು ಜೋರು ಗಂಟಲು. ಜಾಹೀರಾತು, ಪಾಠದ ಪುಸ್ತಕ, ಔಷಧದ ಎಚ್ಚರಿಕೆ, ಏನು ಬಂದರೂ ಮಾಡಿಕೊಡುತ್ತಿದ್ದರು. ಹಾಗೆ ಬಂದದ್ದೇ ಮೇಷ್ಟರ ಧ್ಯಾನದ ಪಾಠ.

ಮೇಷ್ಟರು ಎಂದರೆ ನಿಜಕ್ಕೂ ಶಾಲೆಯ ಮೇಷ್ಟರೇ. ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ನಿವೃತ್ತಿಯಾದ ಮೇಲೆ ನಿದ್ದೆ ಬಾರದೆ ಒದ್ದಾಡಿ, ಯಾವುದೋ ಆಸ್ಪತ್ರೆಯಲ್ಲಿ ಸುಮ್ಮನೆ ಕೂತು ಉಸಿರು ನೋಡುವುದನ್ನು ಕಲಿತು, ಆಮೇಲೆ ಅದನ್ನೇ ಹತ್ತಾರು ಜನಕ್ಕೆ ಕಲಿಸುತ್ತಿದ್ದರು. ಅದರಲ್ಲಿ ಮಂತ್ರವಿಲ್ಲ, ದೇವರಿಲ್ಲ, ಕಾಲು ಮಡಚುವ ಸರ್ಕಸ್ಸೂ ಇಲ್ಲ. ಕುರ್ಚಿಯ ಮೇಲೆ ಕೂತುಕೋ, ಉಸಿರು ನೋಡು, ಯೋಚನೆ ಬಂದರೆ ಬಂತು ಎಂದುಕೋ, ಮತ್ತೆ ಉಸಿರಿಗೆ ಬಾ. ಇಷ್ಟೇ. ಆದರೆ ಅವರ ಕ್ರಮ ಒಂದು ಥರ ಬೇರೆ ಇತ್ತು. ಉಸಿರು ಹೊರಗೆ ಹೋಗುವಾಗ ಮಾತ್ರ "ಬಿಡಿ" ಎನ್ನುತ್ತಿದ್ದರು. ಒಳಗೆ ತೆಗೆದುಕೊಳ್ಳುವುದಕ್ಕೆ ಮಾತೇ ಇಲ್ಲ. ತಾವೇ ಕೇಳಿಸುವ ಹಾಗೆ ಒಮ್ಮೆ ದೀರ್ಘವಾಗಿ ಎಳೆದುಕೊಳ್ಳುತ್ತಿದ್ದರು. ಕೇಳುವವರ ಎದೆ ತಾನಾಗಿಯೇ ಅವರ ಹಿಂದೆ ಏರುತ್ತಿತ್ತು.

"ತಗೊಳ್ಳಿ ಅಂತಲೂ ಒಂದು ಮಾತು ಹೇಳಬಾರದಾ ಮೇಷ್ಟ್ರೇ?" ಎಂದು ಅಕ್ಕ ಕೇಳಿದ್ದಳು.

"ಬಿಡೋದನ್ನ ಹೇಳಿಕೊಡಬೇಕಮ್ಮ, ಅದು ಯಾರಿಗೂ ಬರಲ್ಲ. ತಗೊಳ್ಳೋಕೆ ಮಾತು ಬೇಡ, ಜೊತೆಗೆ ಇನ್ನೊಬ್ಬರು ತಗೋತಿದ್ರೆ ಸಾಕು. ಅದಕ್ಕೇ ಹೇಳಿರ್ತೀನಿ, ಬೇರೆ ಏನು ಬೇಕಾದರೂ ಕತ್ತರಿಸು, ನನ್ನ ಉಸಿರಿನ ತಂಟೆಗೆ ಮಾತ್ರ ಬರಬೇಡ."

ಹೇಳಿದ್ದಷ್ಟೇ ಅಲ್ಲ, ಹನ್ನೊಂದು ಪಾಠ ಸಿದ್ಧವಾಗುವ ತನಕ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಅಕ್ಕನ ಬೆರಳು ರೂಢಿಯಂತೆ ಒಂದು ಉಸಿರಿನ ಕಡೆ ಹೋದರೆ ಸಾಕು, ಪೆನ್ಸಿಲಿನಿಂದ ಗೆಣ್ಣಿಗೆ ಟಕ್ ಎಂದು ಒಂದು ಕೊಡುತ್ತಿದ್ದರು. ಶಾಲೆಯ ಬುದ್ಧಿ ಎಲ್ಲಿಗೆ ಹೋಗುತ್ತದೆ! ಹನ್ನೆರಡನೆಯದು ಕೊನೆಯ ಪಾಠ, ನಲವತ್ತು ನಿಮಿಷದ್ದು. ಹನ್ನೊಂದು ಕಲಿತವರು ಮುಂದೆ ಪ್ರತಿದಿನ ಕೇಳಬೇಕಾದದ್ದು. ಅದನ್ನು ಹೇಳಿ ಮುಗಿಸಿ, ಮಫ್ಲರ್ ಸುತ್ತಿಕೊಂಡು, "ಸೋಮವಾರ ಬರ್ತೀನಮ್ಮ" ಎಂದು ಹೋದವರು ಭಾನುವಾರ ತೀರಿಕೊಂಡರು. ಅಕ್ಕ ಅತ್ತಳು. ಯಜಮಾನರು ಅಷ್ಟೇ ಜೋರಾಗಿ ಅತ್ತು, ಮೂಗೊರೆಸಿಕೊಂಡು, ಗುರುವಾರ ಬಿಡುಗಡೆ ಎಂದರು. ಅಕ್ಕ ಕೂತಳು. ಪಕ್ಕದ ಕುರ್ಚಿ ಖಾಲಿ. ಕಣ್ಣು ಮಂಜಾಗಿತ್ತು, ಆದರೆ ಕೈ ಪಳಗಿದ ಕೈ, ಅದರ ಪಾಡಿಗೆ ಅದು ಓಡಿತು. ಒಂದೇ ಮಧ್ಯಾಹ್ನದಲ್ಲಿ ಕೆಲಸ ಮುಗಿಯಿತು.

ಇನ್ನು ತಂಗಿಯ ವಿಷಯ ಹೇಳಬೇಕು, ಏಕೆಂದರೆ ಅಕ್ಕನಿಗೆ ಈ ಲೋಕದಲ್ಲಿ ಇದ್ದವಳು ಅವಳೊಬ್ಬಳೇ. ಎಂಟು ವರ್ಷ ಚಿಕ್ಕವಳು. ಅಮ್ಮ ಹೋದ ಮೇಲೆ ತಲೆ ಬಾಚಿ, ಫೀಸು ಕಟ್ಟಿ, ಬೈದು ಬೆಳೆಸಿದ್ದೆಲ್ಲ ಅಕ್ಕನೇ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಬಾಯಿ ಮಾತ್ರ ಊರಗಲ. ಬಸ್ಸಿನ ಕಂಡಕ್ಟರ್, ಹಾಲಿನವನು, ಮೇಲಿನ ಮನೆಯ ಮುದುಕ, ಯಾರಾದರೂ ಸರಿ, ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುವವಳು. ಅಂಥವಳು ಹೋದ ವರ್ಷ ಒಂದು ರಜಾದಿನ, ಆಸ್ಪತ್ರೆಯ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಒಬ್ಬಳೇ ಇಳಿಯುವಾಗ ಕರೆಂಟು ಹೋಗಿ ಐದೂವರೆ ಗಂಟೆ ಸಿಕ್ಕಿಹಾಕಿಕೊಂಡಳು. ಕಗ್ಗತ್ತಲು. ಕೂಗಿದರೆ ಕೇಳುವವರು ಯಾರೂ ಇಲ್ಲ. ಹೊರಗೆ ತೆಗೆದಾಗ ಉಗುರುಗಳಲ್ಲಿ ರಕ್ತವಿತ್ತು, ಗಂಟಲಲ್ಲಿ ದನಿ ಇರಲಿಲ್ಲ.

ಆಮೇಲೆ ಮುಚ್ಚಿದ ಬಾಗಿಲು ಕಂಡರೆ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಅಕ್ಕ ಮನೆಯ ಚಿಲಕಗಳನ್ನೆಲ್ಲ ಕಿತ್ತಳು. ತಂಗಿ ಸ್ನಾನಕ್ಕೆ ಹೋದರೆ ಬಚ್ಚಲಿನ ಬಾಗಿಲಿಗೆ ಇಟ್ಟಿಗೆ ಕೊಟ್ಟು, ಹೊರಗೆ ಬೆನ್ನು ತಿರುಗಿಸಿ ನಿಂತು ಏನಾದರೊಂದು ಹಾಡುತ್ತಿರಬೇಕಿತ್ತು, ಇದ್ದೇನೆ ಎಂದು ಗೊತ್ತಾಗಲಿಕ್ಕೆ. ಅಕ್ಕನ ಹಾಡು ದೇವರಿಗೇ ಪ್ರೀತಿ. "ಭಯಕ್ಕಿಂತ ನಿನ್ನ ರಾಗವೇ ಜಾಸ್ತಿ ಹಿಂಸೆ ಕಣೇ ಅಕ್ಕ" ಎಂದು ಒಳಗಿಂದ ಅಳುತ್ತಲೇ ಬೈಯುತ್ತಿದ್ದಳು. ಬಸ್ಸು ಹತ್ತಲಾರಳು, ಕೆಲಸಕ್ಕೆ ಹೋಗಲಾರಳು. ಮಾತ್ರೆ ನುಂಗಿದರೆ ಇಡೀ ದಿನ ಮಂಕು.

ಮೇಷ್ಟರ ಮೊದಲ ಪಾಠ ಸಿದ್ಧವಾದ ದಿನವೇ ಅಕ್ಕ ಅದನ್ನು ಮನೆಗೆ ತಂದಳು. ಪವಾಡವೇನೂ ಆಗಲಿಲ್ಲ. ಮೊದಲ ವಾರ ತಂಗಿ ಮೂರು ನಿಮಿಷ ಕೂತು ಎದ್ದು ಓಡಿದಳು. ಎರಡನೆಯ ವಾರ ಹತ್ತು ನಿಮಿಷ. ಆಮೇಲೊಂದು ದಿನ, "ಭಯ ಬಂತು ಅಂತ ಗೊತ್ತಾಗೋದು ಬೇರೆ, ಭಯ ಪಡೋದು ಬೇರೆ ಕಣೇ. ನಡುವೆ ಒಂದು ಚೂರು ಜಾಗ ಇದೆ. ಅಷ್ಟರಲ್ಲಿ ನಿಂತ್ಕೊಂಡುಬಿಟ್ರೆ ಆಯ್ತು" ಎಂದಳು. ಅಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಹನ್ನೊಂದನೆಯ ಪಾಠ ಮುಗಿಯುವಷ್ಟರಲ್ಲಿ ಬಾಗಿಲುಗಳಿಗೆ ಚಿಲಕಗಳು ಮತ್ತೆ ಬಂದವು, ತಂಗಿ ಬಸ್ಸು ಹತ್ತಿದಳು, ಹತ್ತಿದವಳೇ ಚಿಲ್ಲರೆಗಾಗಿ ಕಂಡಕ್ಟರ್ ಮೇಲೆ ಹಾರಾಡಿದಳು. ಅಕ್ಕನಿಗೆ ಆ ಸುದ್ದಿ ಕೇಳಿ ಕಣ್ಣಲ್ಲಿ ನೀರು ಬಂತು.

ಹನ್ನೆರಡನೆಯ ಪಾಠ ಶುರುವಾದ ಮೇಲೆ ತಂಗಿ ಇನ್ನೂ ಶಾಂತವಾದಳು. ದಿನಾ ನಾಲ್ಕು ಗಂಟೆಗೆ, ಕೆಲಸದಿಂದ ಬಂದು, ಕೋಣೆಯ ಕುರ್ಚಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂರುತ್ತಿದ್ದಳು. ಮೊದಮೊದಲು ಒಳ್ಳೆಯದೇ ಅನ್ನಿಸಿತು. ಲ್ಯಾಬಿನವರು ಅಕ್ಕನಿಗೆ ಫೋನ್ ಮಾಡಿ, "ನಿಮ್ಮ ತಂಗಿ ಬಂಗಾರ ಆಗಿಬಿಟ್ಟಿದಾರೆ, ಅದ್ಯಾವ ಪಾಠ ನಮಗೂ ಕಳಿಸಿ" ಎಂದರು. ಕಳಿಸಿದಳು. ಮೇಲಿನ ಮನೆಯ ಮುದುಕ ಮೆಟ್ಟಿಲ ಮೇಲೆ ಬಕೆಟ್ ಚೆಲ್ಲಿದರೂ ತಂಗಿ ಒಂದು ಮಾತಾಡಲಿಲ್ಲ. ನೀರಿನ ಮೇಲೇ ಚಪ್ಪಲಿ ಒದ್ದೆ ಮಾಡಿಕೊಂಡು ನಡೆದು ಬಂದಳು.

ಒಂದು ದಿನ ಅಕ್ಕ ಮರೆತು ಊಟಕ್ಕೆ ಉಪ್ಪೇ ಹಾಕಿರಲಿಲ್ಲ. ಅಕ್ಕ ಮೊದಲ ತುತ್ತಿಗೇ ಥೂ ಎಂದಳು. ತಂಗಿ ತಟ್ಟೆ ಖಾಲಿ ಮಾಡಿ ಕೂತಿದ್ದಳು.

"ಉಪ್ಪಿಲ್ಲ ಅಂತ ಬಾಯಿ ಬಿಟ್ಟು ಹೇಳೋಕಾಗಲ್ವೇನೇ?"

"ಉಪ್ಪಿಲ್ಲ ಅಂತ ಗೊತ್ತಾಯ್ತು" ಎಂದಳು ತಂಗಿ. ಅಷ್ಟೇ. ತಮಾಷೆಯಲ್ಲ, ಚುಚ್ಚುಮಾತಲ್ಲ. ಹವಾಮಾನ ವರದಿ ಓದುವವರ ದನಿ.

ಅದಾದ ಒಂದು ವಾರಕ್ಕೆ ಅಡುಗೆಮನೆಯಿಂದ ಸುಟ್ಟ ವಾಸನೆ ಬಂತು. ಅಕ್ಕ ಓಡಿ ಹೋಗಿ ನೋಡಿದರೆ ಹಾಲು ಉಕ್ಕಿ ಒಲೆಯ ತುಂಬ ಹರಿದಿದೆ, ತಂಗಿ ಪಾತ್ರೆಯ ಅಂಚನ್ನು ಬರಿಗೈಯಲ್ಲಿ ಹಿಡಿದುಕೊಂಡು ನಿಂತಿದ್ದಾಳೆ. ಹಿಡಿದದ್ದನ್ನು ಬಿಟ್ಟಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗಿಲ್ಲ. ಅಕ್ಕ ಕಿರುಚಿ ಅವಳ ಕೈ ಎಳೆದಳು. ಅಂಗೈಯ ಚರ್ಮ ಪಾತ್ರೆಗೇ ಅಂಟಿಕೊಂಡು ಉಳಿಯಿತು.

"ಸುಡ್ತಾ ಇತ್ತು" ಎಂದಳು ತಂಗಿ, ಕೈಯನ್ನು ನೋಡುತ್ತ. "ಗೊತ್ತಾಗ್ತಾ ಇತ್ತು. ನೋಡ್ತಾ ಇದ್ದೆ."

ಡಾಕ್ಟರು ಗಾಯಕ್ಕೆ ಮುಲಾಮು ಹಚ್ಚಿ, ನಾಡಿ ನೋಡಿ, ರಕ್ತದೊತ್ತಡ ನೋಡಿ, ಎಲ್ಲವೂ ಸೊಗಸಾಗಿದೆ ಎಂದರು. ಇಷ್ಟು ತಣ್ಣಗೆ ಡ್ರೆಸ್ಸಿಂಗ್ ಮಾಡಿಸಿಕೊಂಡವರನ್ನು ತಾವು ನೋಡೇ ಇಲ್ಲವಂತೆ. ಅಕ್ಕ ಗೋಳಾಡಿದ್ದಕ್ಕೆ, "ನೀವು ಗಾಬರಿ ಕಡಿಮೆ ಮಾಡ್ಕೊಳ್ಳಿ. ಅವರನ್ನ ನೋಡಿ ಕಲೀರಿ" ಎಂದು ಅಕ್ಕನಿಗೇ ಬುದ್ಧಿ ಹೇಳಿದರು. ಹೊರಡುವಾಗ ಮೆಲ್ಲಗೆ ಕೇಳಿದರು, ಆ ಪಾಠ ಎಲ್ಲಿ ಸಿಗುತ್ತದೆ ಎಂದು. ಅಕ್ಕನಿಗೆ ಎಷ್ಟು ಸಿಟ್ಟು ಬಂತೆಂದರೆ ಚಪ್ಪಲಿ ತಿರುಗುಮುರುಗು ಮೆಟ್ಟಿಕೊಂಡೇ ಬೀದಿಗೆ ಬಂದಳು.

ಮರುದಿನ ಅರ್ಧ ದಿನ ರಜೆ ಹಾಕಿ, ನಾಲ್ಕು ಗಂಟೆಗೆ ತಂಗಿಯ ಎದುರಿಗೆ ಒಂದು ಸ್ಟೂಲ್ ಹಾಕಿಕೊಂಡು ಕೂತಳು. ನೋಡಿಯೇಬಿಡೋಣ ಎಂದು. ಕಿಟಕಿಯಿಂದ ಒಳ್ಳೆ ಬಿಸಿಲು ಬಿದ್ದಿತ್ತು. ತಂಗಿಯ ಕಣ್ಣು ಮುಚ್ಚಿತ್ತು. ಎದೆ ಇಳಿಯಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನಷ್ಟು ಇಳಿಯಿತು. ಮತ್ತೆ ಇನ್ನಷ್ಟು. ಏರುವುದನ್ನು ಅಕ್ಕ ಕಾಯುತ್ತಿದ್ದಳು, ಅದು ಏರಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಮೂವತ್ತು ಸೆಕೆಂಡು. ನಲವತ್ತು. ಐವತ್ತೆರಡಕ್ಕೆ ಯಾರೋ ದಾನ ಕೊಟ್ಟ ಹಾಗೆ ಒಂದು ಚಿಕ್ಕ ಉಸಿರು ಒಳಗೆ ಹೋಯಿತು. ತುಟಿಯ ಅಂಚು ನೀಲಿಗೆ ತಿರುಗಿತ್ತು. ಅಕ್ಕ ಅವಳ ಭುಜ ಹಿಡಿದು ಅಲುಗಿಸಿದಳು.

"ಪುಟ್ಟಿ! ಏಯ್! ಕಣ್ಣು ಬಿಡೇ!"

ತಂಗಿ ಕಣ್ಣು ಬಿಟ್ಟಳು. ಅಕ್ಕನನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ನೋಡಿದಳು.

"ಅಕ್ಕ ಬಂದಿದಾಳೆ" ಎಂದಳು. "ಹೆದರಿದಾಳೆ."

"ಯಾರಿಗೆ ಹೇಳ್ತಿದೀಯೇ? ಎದುರಿಗಿರೋಳು ನಾನೇ ಕಣೇ!"

"ಗೊತ್ತು. ಅಕ್ಕ ಅನ್ನೋದೂ ಒಂದು ಯೋಚನೆ. ಬಂದಿದೆ. ಹೋಗುತ್ತೆ."

ಸಾಯುವ ತನಕ ಮರೆಯುವ ಮಾತಲ್ಲ ಅದು. ಮಗುವಾಗಿದ್ದಾಗಿನಿಂದ ಸಾಕಿದವಳಿಗೆ, ಮುಖಕ್ಕೆ ಮುಖ ಕೊಟ್ಟು, ಹೋಗುತ್ತೆ ಎನ್ನುವುದೆಂದರೇನು? ಅಕ್ಕ ಅವಳ ಕಿವಿಯಿಂದ ಒಂದು ಇಯರ್‌ಫೋನ್ ಕಿತ್ತು ತನ್ನ ಕಿವಿಗೆ ಇಟ್ಟುಕೊಂಡಳು. ಅಲ್ಲಿ ಏನು ಹೇಳುತ್ತಿದ್ದಾರೆ ಮೇಷ್ಟರು?

"ಬಿಡಿ" ಎಂದರು ಮೇಷ್ಟರು.

ಅಕ್ಕ ತನಗೆ ತಿಳಿಯದಂತೆಯೇ ಬಿಟ್ಟಳು. ಕಾದಳು. ನುಣ್ಣನೆಯ, ಒಂದು ಚೂರೂ ತೇಪೆ ಕಾಣದ ಮೌನ.

"ಬಿಡಿ."

ಇನ್ನಷ್ಟು ಬಿಟ್ಟಳು. ಮತ್ತೆ ಮೌನ. ಎದೆಯಲ್ಲಿ ಗಾಳಿ ಇಲ್ಲ. ಎಳೆದುಕೊಳ್ಳಬೇಕು ಎಂಬುದು ಅವಳಿಗೆ ನೆನಪಾಗುತ್ತಿಲ್ಲ. ಕಿಟಕಿಯ ಬಿಸಿಲು, ತಂಗಿಯ ಮುಖ, ತನ್ನ ಕಾಲ ಬಳಿಯ ಸ್ಟೂಲು, ಎಲ್ಲ ಒಂದೊಂದಾಗಿ ದೂರ ಸರಿದು ನಿಂತವು. ಹಾಯಾಗಿ ಅನ್ನಿಸಿತು. ಎಷ್ಟು ಹಾಯಾಗಿ ಎಂದರೆ, ಇನ್ನೊಂದು "ಬಿಡಿ" ಬರಲಿ ಎಂದು ಆಸೆಯಾಯಿತು. ಆ ಆಸೆಗೇ ಬೆಚ್ಚಿಬಿದ್ದು ಇಯರ್‌ಫೋನ್ ಕಿತ್ತೆಸೆದು, ನೀರಿನಿಂದ ತಲೆ ಎತ್ತಿದವಳ ಹಾಗೆ ಬಾಯಿ ತೆರೆದು ಗಾಳಿ ಎಳೆದಳು.

ಮೇಷ್ಟರ ಉಸಿರು ಒಂದೂ ಇರಲಿಲ್ಲ. ಇನ್ನೂರ ಹನ್ನೆರಡು ಜಾಗದಲ್ಲಿ ಅವಳೇ ಕಿತ್ತಿದ್ದಳು. ಆ ಮಧ್ಯಾಹ್ನ ಅಳುತ್ತ ಕೂತಾಗ ಕೈ ತನ್ನ ಹತ್ತೊಂಬತ್ತು ವರ್ಷದ ಕೆಲಸ ಮಾಡಿ ಮುಗಿಸಿತ್ತು, ಗೆಣ್ಣಿಗೆ ಹೊಡೆಯಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಹೊರಗೆ ಬಿಡುವುದಷ್ಟೇ ಉಳಿದು, ತೆಗೆದುಕೊಳ್ಳುವುದು ಇಲ್ಲದ ಪಾಠವನ್ನು ತಂಗಿ ಒಂದೂವರೆ ತಿಂಗಳಿಂದ ದಿನಾ ನಲವತ್ತು ನಿಮಿಷ ಕೇಳುತ್ತಿದ್ದಳು. ಮೊದಲು ಭಯವನ್ನು ಬಿಟ್ಟಳು. ಆಮೇಲೆ ಜಗಳ ಬಿಟ್ಟಳು, ಉಪ್ಪು ಬಿಟ್ಟಳು, ಸುಡುವ ಕೈಯನ್ನೂ ಬಿಟ್ಟಳು. ಈಗ ಅಕ್ಕನ ಸರದಿ. ಅದಾದ ಮೇಲೆ ಬಿಡಲು ಏನು ಉಳಿಯುತ್ತದೆ?

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಸ್ಟುಡಿಯೋಕ್ಕೆ ಓಡಿದಳು. ಮೂಲ ಧ್ವನಿಮುದ್ರಣ ಅಳಿಸಿಹೋಗಿತ್ತು, ಬಿಡುಗಡೆಯಾದ ಮೇಲೆ ಶನಿವಾರ ಎಲ್ಲ ಅಳಿಸುವುದು ಅಲ್ಲಿನ ಪದ್ಧತಿ, ಅಳಿಸುವವಳೂ ಅವಳೇ. ಯಜಮಾನರ ಕೋಣೆಗೆ ನುಗ್ಗಿ ತಪ್ಪೆಲ್ಲ ಒಪ್ಪಿಕೊಂಡಳು. ಕಿವಿ ಹರಿಯುವ ಹಾಗೆ ಬೈಯುತ್ತಾರೆ ಎಂದು ಕಾದಳು. ಬೈದರೆ ಸಾಕಪ್ಪ ಎಂದು ಬಯಸಿದಳು. ಯಜಮಾನರು ಮೇಜಿನ ಹಿಂದೆ ನೆಟ್ಟಗೆ ಕೂತಿದ್ದರು. ಎದುರಿಗಿದ್ದ ಟೀ ಮೇಲೆ ಕೆನೆ ಕಟ್ಟಿತ್ತು.

"ಸಾವಿರಾರು ಮನೇಲಿ ಕೇಳ್ತಿದಾರೆ" ಎಂದರು, ಪಿಸುಗುಟ್ಟಿದ ಹಾಗೆ. "ಒಂದು ದೂರೂ ಬಂದಿಲ್ಲ."

"ಬರೋದಾದ್ರೂ ಹೇಗೆ ಸರ್? ದೂರು ಕೊಡಬೇಕು ಅಂತ ಅವರಿಗೆ ಅನ್ನಿಸಬೇಕಲ್ಲ! ಅದನ್ನ ಈಗಲೇ ತೆಗೆದುಹಾಕ್ತೀನಿ."

"ಸರಿ."

"ಇಲ್ಲಾ, ಹಾಗೇ ಇರಲಿ ಅಂತೀರಾ?"

"ಸರಿ" ಎಂದರು. ಅವರ ಕೊರಳಲ್ಲಿ ಇಯರ್‌ಫೋನಿನ ಬಿಳಿ ತಂತಿ ತೂಗುತ್ತಿತ್ತು. ಅಕ್ಕ ಹಿಂದಕ್ಕೆ ಹೆಜ್ಜೆ ಇಡುತ್ತಲೇ ಹೊರಗೆ ಬಂದಳು, ಅವರಿಗೆ ಬೆನ್ನು ತೋರಿಸಲು ಧೈರ್ಯ ಬರಲಿಲ್ಲ.

ಪಾಠವನ್ನು ಎಲ್ಲ ಕಡೆಯಿಂದ ಕಿತ್ತುಹಾಕಿದಳು. ಆದರೆ ಜನರ ಫೋನಿನೊಳಗೆ ಈಗಾಗಲೇ ಹೋಗಿ ಕೂತದ್ದನ್ನು ಕೀಳುವುದು ಯಾರ ಕೈಯಲ್ಲಿದೆ? ಆಮೇಲೆ ಮುದ್ರಣದ ಕೋಣೆ ಹೊಕ್ಕು ಬಾಗಿಲು ಮುಚ್ಚಿಕೊಂಡಳು. ಮೇಷ್ಟರ ಉಸಿರಂತೂ ಸಿಗದು, ಮಣ್ಣು ಸೇರಿತ್ತು. ಹಿಂದಿನ ಹನ್ನೊಂದು ಪಾಠಗಳಿಂದ ಅವರ ಉಸಿರು ಕಿತ್ತು ತರಲು, ಮತ್ತೆ ಕತ್ತರಿ ಹಿಡಿಯಲು, ಅವಳ ಕೈ ಒಪ್ಪಲಿಲ್ಲ. ಇನ್ನು ತನ್ನದೇ. ಮೇಷ್ಟರು "ಬಿಡಿ" ಎನ್ನುವುದು, ಮೌನ ಬರುವುದು, ಆ ಮೌನಕ್ಕೆ ಅಕ್ಕ ಮೈಕಿಗೆ ಬಾಯಿ ಹತ್ತಿರ ತಂದು ಗಟ್ಟಿಯಾಗಿ ಎಳೆದುಕೊಳ್ಳುವುದು. ಇನ್ನೂರ ಹನ್ನೆರಡು ಸಲ. ನಲವತ್ತನೆಯದಕ್ಕೆ ತಲೆ ಸುತ್ತಿತು. ನೂರಕ್ಕೆ ಗಂಟಲು ಒಣಗಿ ಕೆಮ್ಮು ಬಂತು, ಕೆಮ್ಮನ್ನೂ ಕತ್ತರಿಸದೆ ಹಾಗೇ ಬಿಟ್ಟಳು. ಜೀವಮಾನದಲ್ಲಿ ಮೊದಲ ಸಲ ಕತ್ತರಿ ಮುಟ್ಟದೆ ಒಂದು ಕೆಲಸ ಮುಗಿಸಿದಳು.

ಅದನ್ನು ಕೇಳಿಸಲು ತಂಗಿಯನ್ನು ಕೈಹಿಡಿದು ಸ್ಟುಡಿಯೋಕ್ಕೇ ಕರೆತಂದಳು. ಬೀರುವಿನಂಥ ಆ ಕೋಣೆಯೊಳಗೆ ಹೋಗು ಎಂದರೆ ತಂಗಿ ಹೋದಳು. ಬಾಗಿಲು ಮುಚ್ಚಿದರೂ ತಿರುಗಿ ನೋಡಲಿಲ್ಲ. ಗಾಜಿನ ಈಚೆ ಕೂತು ಅಕ್ಕ ಗುಂಡಿ ಒತ್ತಿದಳು.

ಐದು ನಿಮಿಷ ಏನೂ ಆಗಲಿಲ್ಲ. ಮೇಷ್ಟರು ಬಿಡಿ ಎಂದಾಗ ತಂಗಿ ಬಿಟ್ಟಳು, ಅಕ್ಕನ ಉಸಿರು ಬಂದಾಗ ಕಲ್ಲಿನ ಹಾಗೆ ಕೂತಿದ್ದಳು. ಏಳನೆಯ ನಿಮಿಷಕ್ಕೆ ಹುಬ್ಬು ಅಲುಗಿತು. ಆಮೇಲೆ ಎದೆ, ಕಚ್ಚಿಕೊಂಡ ಡ್ರಾಯರ್ ಎಳೆದ ಹಾಗೆ ತಡೆದು ತಡೆದು, ಒಂದಿಷ್ಟು ಏರಿತು. ಮುಂದಿನ ಸಲ ಇನ್ನಷ್ಟು. ತುಟಿಗೆ ಕೆಂಪು ಮರಳಿತು. ಅಕ್ಕ ಗಾಜಿಗೆ ಮೂಗು ಒತ್ತಿಕೊಂಡು, "ತಗೋ, ತಗೋ ಪುಟ್ಟಿ, ತಗೋ" ಎನ್ನುತ್ತಿದ್ದಳು. ಇಪ್ಪತ್ತನೆಯ ನಿಮಿಷಕ್ಕೆ ತಂಗಿ ಸುಟ್ಟ ಅಂಗೈಯನ್ನು ಎದೆಗೆ ಅವುಚಿಕೊಂಡು ಮುಲುಗಿದಳು. ಕಣ್ಣು ತೆರೆದವಳು ಸ್ಪಂಜಿನ ಗೋಡೆ ನೋಡಿದಳು, ಸೂರು ನೋಡಿದಳು, ಮುಚ್ಚಿದ ಬಾಗಿಲು ನೋಡಿದಳು. ನೋಡಿ ಕಿರುಚಿದಳು. ಸ್ಪಂಜು ಎಷ್ಟು ದಪ್ಪವಿದ್ದರೇನು, ಕೆಳಗಿನ ಟೈರ್ ಅಂಗಡಿಯವರು ಕೆಲಸ ನಿಲ್ಲಿಸಿದರು.

ಅಕ್ಕ ಬಾಗಿಲು ತೆರೆದಾಗ ತಂಗಿ ಅವಳ ಮೇಲೆ ಬಿದ್ದು, ಪರಚಿ, ಕೆನ್ನೆಗೆ ಪಟೀರೆಂದು ಬಾರಿಸಿದಳು. "ಈ ಡಬ್ಬದಲ್ಲಿ ನನ್ನ ಕೂಡಿಹಾಕ್ತೀಯಾ? ಅಕ್ಕನೇನೇ ನೀನು? ರಾಕ್ಷಸಿ!" ಅಕ್ಕ ಕೆನ್ನೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಬಂದಳು, ನನ್ನ ಪೀಡೆ ವಾಪಸ್ ಬಂದಳು ಎಂದು ಅವಳನ್ನು ಬಿಗಿಯಾಗಿ ತಬ್ಬಿಕೊಂಡಳು. ಹೊಡೆತ ತಿಂದು ಇಷ್ಟು ಸಂತೋಷಪಟ್ಟವರು ಇರಲಿಕ್ಕಿಲ್ಲ.

ಆ ಸಂತೋಷ ಮನೆಯ ತನಕ ಇತ್ತು. ಒಂದೂವರೆ ತಿಂಗಳು ಬಿಟ್ಟದ್ದೆಲ್ಲ ತಂಗಿಗೆ ಒಟ್ಟಿಗೆ ಮರಳಿ ಬಂದಿತ್ತು, ಕೈಯ ಉರಿ, ಲಿಫ್ಟಿನ ಕತ್ತಲು, ಎಲ್ಲ. ಮೊದಲಿಗಿಂತ ಹತ್ತು ಪಟ್ಟು. ಚಿಲಕಗಳನ್ನು ಮತ್ತೆ ಕೀಳಬೇಕಾಯಿತು. ತನ್ನ ಕೋಣೆಯದನ್ನು ಮಾತ್ರ ಕೀಳಬೇಡ ಎಂದಳು ತಂಗಿ, ಯಾಕೆಂದು ಅಕ್ಕನಿಗೆ ಹೊಳೆಯಲಿಲ್ಲ. ಮಾತ್ರೆ ಕೊಟ್ಟರೆ ಉಗಿದಳು. ಮೊದಲ ಪಾಠದಿಂದ ಮತ್ತೆ ಶುರು ಮಾಡೋಣ, ನಾನೂ ಜೊತೆಗೆ ಕೂರುತ್ತೇನೆ ಎಂದರೆ ಕಿವಿ ಮುಚ್ಚಿಕೊಂಡಳು. ಅಕ್ಕ ಒಂದು ವಾರ ರಜೆ ಹಾಕಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಆರನೆಯ ದಿನ ತಂಗಿ ಅವಳ ಮೊಣಕಾಲು ಹಿಡಿದು ಕೂತಳು.

"ಅಕ್ಕ, ಹಳೇದನ್ನ ಹಾಕು."

"ಯಾವುದು?"

"ಗೊತ್ತಿದ್ದೂ ಕೇಳಬೇಡ. ಉಸಿರಿಲ್ಲದ್ದು. ಅಲ್ಲಿ ನನಗೆ ಏನೂ ಆಗ್ತಿರಲಿಲ್ಲ ಕಣೇ. ಯಾವುದೂ ಹತ್ತಿರ ಬರ್ತಿರಲಿಲ್ಲ."

"ನಾನೂ ಹತ್ತಿರ ಬರ್ತಿರಲಿಲ್ಲ" ಎಂದಳು ಅಕ್ಕ. "ಅದನ್ನ ಕೇಳ್ತಾ ಕೇಳ್ತಾ ಒಂದು ದಿನ ಉಸಿರೇ ನಿಂತುಹೋಗುತ್ತೆ."

"ಹೋಗಲಿ. ನೀನು ಕರೆದೆ, ಬಂದೆ. ಬಂದು ಏನು ಸುಖ ಪಟ್ಟೆ ಹೇಳು?"

ಅಕ್ಕನ ಹತ್ತಿರ ನನಗೆ ನೀನು ಬೇಕು ಎನ್ನುವುದೊಂದೇ ಇದ್ದದ್ದು. ಅದನ್ನೇ ಹೇಳಿದಳು. ತಂಗಿ ಮೊಣಕಾಲು ಬಿಟ್ಟು ಎದ್ದು ಹೋದಳು. ಅವಳ ಫೋನಿನಿಂದ ಅಕ್ಕ ಅದನ್ನು ಅಳಿಸಿಯಾಗಿತ್ತು, ಆದರೆ ಲ್ಯಾಬಿನವರ ಫೋನುಗಳಲ್ಲೆಲ್ಲ ಅದು ಇತ್ತಲ್ಲ, ಕೇಳಿದರೆ ಸಾಕಿತ್ತು. ಅವರಿಗೆ ಕಳಿಸಿಕೊಟ್ಟವಳು ಅಕ್ಕನೇ ತಾನೆ.

ರಜೆ ಮುಗಿದ ಮೊದಲ ದಿನ ಅಕ್ಕನಿಗೆ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಮೂರೂವರೆಗೇ ಎದ್ದು ಬಸ್ಸು ಹಿಡಿದಳು. ಒಳಗೆ ಕಾಲಿಟ್ಟರೆ ಮನೆಯ ಬಾಗಿಲುಗಳೆಲ್ಲ ಹಾರು ಹೊಡೆದಿವೆ, ತಂಗಿಯ ಕೋಣೆಯದು ಮಾತ್ರ ಮುಚ್ಚಿದೆ. ಒಳಗಿನಿಂದ ಚಿಲಕ. ಫೋನಿನ ದನಿ ಬಾಗಿಲ ಸಂದಿಯಿಂದ ಮೆಲ್ಲಗೆ ಬರುತ್ತಿತ್ತು.

"ಬಿಡಿ."

ಆಮೇಲೆ ಏನೂ ಇಲ್ಲ. ಅಕ್ಕ ಬಾಗಿಲು ಗುದ್ದಿದಳು, ಭುಜ ಕೊಟ್ಟು ನೂಕಿದಳು, ಬೈದಳು, ಬೇಡಿಕೊಂಡಳು. ಹಳೆಯ ಕಾಲದ ಮರ, ಜಪ್ಪಯ್ಯ ಅನ್ನಲಿಲ್ಲ. "ಬಿಡಿ" ಎಂದಿತು ಒಳಗೆ. ಕೂಗಿ ಉಪಯೋಗವಿಲ್ಲ, ಕೂಗು ಕೂಡ ಬಂದು ಹೋಗುವ ಒಂದು ಯೋಚನೆ ಅವಳಿಗೆ. ಅಕ್ಕ ನೆಲದ ಮೇಲೆ ಬೋರಲು ಬಿದ್ದು, ಬಾಗಿಲ ಕೆಳಗಿನ ಸಂದಿಗೆ ಬಾಯಿ ಇಟ್ಟಳು. ಮುಂದಿನ "ಬಿಡಿ" ಬಂತು. ಅದರ ಹಿಂದೆಯೇ ಎದೆಯಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೂ ಗಾಳಿಯನ್ನು, ಸಂದಿಯ ಧೂಳಿನ ಸಮೇತ, ಸದ್ದು ಮಾಡಿ ಎಳೆದುಕೊಂಡಳು. ಮತ್ತೊಂದು ಬಂತು. ಮತ್ತೆ ಎಳೆದುಕೊಂಡಳು. ಎಷ್ಟೋ ಆದ ಮೇಲೆ, ಲೆಕ್ಕ ಇಟ್ಟವರು ಯಾರು, ಬಾಗಿಲಿನ ಆಚೆ, ಮರಕ್ಕೆ ತೀರ ಹತ್ತಿರದಲ್ಲಿ, ಇನ್ನೊಂದು ಉಸಿರು ಅವಳದರ ಜೊತೆ ಏರಿತು. ತಂಗಿ ಕುರ್ಚಿಯಲ್ಲಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.

ಪಾಠ ಮುಗಿಯಿತು. ಅಕ್ಕ ಕೆನ್ನೆಯನ್ನು ನೆಲಕ್ಕೆ ಒತ್ತಿಕೊಂಡು ಬಿದ್ದಿದ್ದಳು.

"ಅಕ್ಕ" ಎಂದಿತು ಒಳಗಿನ ದನಿ. ಅದರಲ್ಲಿ ಕೋಪವೂ ಇರಲಿಲ್ಲ, ಅಳುವೂ ಇರಲಿಲ್ಲ. "ನೀನು ಬರದೇ ಇದ್ದಿದ್ರೆ ಇವತ್ತು ಹೋಗ್ತಿದ್ದೆ."

"ಬಂದೆನಲ್ಲ ಪುಟ್ಟಿ. ಬಾಗಿಲು ತೆಗಿ."

"ತೆಗೀತೀನಿ. ನಾಳೇನೂ ನಾಲ್ಕಕ್ಕೇ ಹಾಕ್ತೀನಿ. ಪ್ರತಿದಿನ ನಾಲ್ಕಕ್ಕೇ. ನಿನಗೆ ಗೊತ್ತಿರಲಿ."

ಅಕ್ಕ ನಾಳೆಯ ಬಸ್ಸು, ನಾಡಿದ್ದಿನ ಮಳೆ, ಮುಂದೊಂದು ದಿನ ಬರುವ ಜ್ವರ, ಇನ್ನೂ ಮುಂದೆ ತನಗೆ ಆಗಲಿರುವ ವಯಸ್ಸು, ಎಲ್ಲವನ್ನೂ ಒಟ್ಟಿಗೆ ನೆನೆದಳು.

"ಗೊತ್ತಾಯ್ತು" ಎಂದಳು. "ನಾಲ್ಕಕ್ಕೆ ಇರ್ತೀನಿ."